ಎರಡನೇ ಭಾಗ ಬಂದಾಗ ಏನು ಹೋಯಿತು ನೋಡಿ

ತಮ್ಮಂದಿರಾ, ತಂಗಿಯರಾ,

ಹಳೆಯ ಪಬ್‌ಜಿ ಚಲೋ ಇತ್ತೋ ಈಗಿನ ಬಿಜಿಎಂಐ ಚಲೋ ಐತೋ, ವೈಸ್ ಸಿಟಿ ಮೇಲೋ ಸ್ಯಾನ್ ಆಂಡ್ರಿಯಾಸ್ ಮೇಲೋ ಎಂದು ವಾದಕ್ಕಿಳಿದಾಗಲೆಲ್ಲ ನೀವು ಕೊನೆಗೆ ನನ್ನ ಕಡೆ ತಿರುಗಿ, "ಕಾಕಾ, ನೀವ ಹೇಳ್ರಿ" ಅನ್ನುತ್ತೀರಿ. ನಮ್ಮೂರು ಭಂಡಾರಕವಠೆಯಲ್ಲಿ ಕಬ್ಬಿನ ಟೋಳಿ, ಕಾರ್ಖಾನೆಯ ಬಿಲ್ಲು, ಭೀಮೆಯ ನೀರು ಇವುಗಳ ಬಗ್ಗೆ ಕೇಳಲು ಬೇರೆ ಹಿರಿಯರಿದ್ದಾರೆ. ಆಟದ ಬಗ್ಗೆ ಮಾತ್ರ ನನ್ನ ಹತ್ತಿರ ಬರುತ್ತೀರಿ. ಸೊಲ್ಲಾಪುರದಲ್ಲಿ ಮೊದಲು ಗೇಮ್ ಪಾರ್ಲರ್, ಆಮೇಲೆ ಸೈಬರ್ ಕೆಫೆ ನಡೆಸುತ್ತ ಟಿವಿ ಆಟದಿಂದ ಮೊಬೈಲ್ ಆಟದವರೆಗೆ ಎಲ್ಲವನ್ನೂ ಹುಡುಗರ ಬೆನ್ನ ಹಿಂದೆ ನಿಂತು ನೋಡಿದವನು ಎಂಬ ಕಾರಣಕ್ಕೆ. ನಿಮ್ಮ ಪ್ರಶ್ನೆಗೆ ಕಟ್ಟೆಯ ಮೇಲೆ ಕೂತು ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ನ್ಯಾಯವಾಗದು. ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಆಟದ ಎರಡನೇ ಭಾಗ ಬಂದಾಗ ಅದರಲ್ಲಿ ಹೊಸದಾಗಿ ಏನೇನು ಸೇರಿದೆ ಎಂದು ಕಂಪನಿಯೇ ಊರೆಲ್ಲ ಸಾರುತ್ತದೆ. ದೊಡ್ಡ ನಕ್ಷೆ, ಹೆಚ್ಚು ಬಂದೂಕು, ಹೆಚ್ಚು ಗಾಡಿ, ಕಣ್ಣು ಕೋರೈಸುವ ಗ್ರಾಫಿಕ್ಸ್. ಮೊದಲಿನದರಿಂದ ಏನನ್ನು ತೆಗೆದರು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಆಡಿ ನೀವೇ ಕಂಡುಕೊಳ್ಳಬೇಕು. ನಾನು ಕಂಡಮಟ್ಟಿಗೆ ಎರಡನೆಯದು ಗೆಲ್ಲುವುದೂ ಸೋಲುವುದೂ ಬಹಳ ಸಲ ಅಲ್ಲಿಯೇ.

ನಿಮ್ಮ ಅಪ್ಪಂದಿರ ಕಾಲದ ಹಾವಿನ ಆಟವನ್ನೇ ತೆಗೆದುಕೊಳ್ಳಿ. 1997ರಲ್ಲಿ ನೋಕಿಯಾ 6110 ಫೋನಿಗಾಗಿ ಅದನ್ನು ಬರೆದವರು ಫಿನ್ಲೆಂಡಿನ ತನೇಲಿ ಅರ್ಮಾಂಟೊ. ಅದಕ್ಕೂ ಹಿಂದೆ, 1976ರಲ್ಲಿಯೇ, ಬ್ಲಾಕೇಡ್ ಎಂಬ ಆರ್ಕೇಡ್ ಆಟದಲ್ಲಿ ಬೆಳೆಯುತ್ತ ಹೋಗುವ ಗೆರೆ ಇತ್ತು. ನಮ್ಮ ಕಡೆ ಮನೆಮನೆಗೆ ಮುಟ್ಟಿದ್ದು ಎರಡನೇ ಹಾವು, 2000ರಲ್ಲಿ ನೋಕಿಯಾ 3310ರ ಜೊತೆ ಬಂದ ಸ್ನೇಕ್ 2. ಅದೇ ಆಟ 2003ರ ನೋಕಿಯಾ 1100ರಲ್ಲೂ ಇತ್ತು, ತಲೆಗೆ ಟಾರ್ಚ್ ಇದ್ದ ಆ ಗಟ್ಟಿ ಫೋನಿನಲ್ಲಿ. ರಾತ್ರಿ ಪಾಳಿಯ ಕರೆಂಟಿಗಾಗಿ ಹೊಲಕ್ಕೆ ಹೋದವರು ಬದುವಿನ ಮೇಲೆ ಕೂತು ಆಡುತ್ತಿದ್ದದ್ದು ಅದನ್ನೇ. ಮೊದಲನೇ ಹಾವು ಗೋಡೆಗೆ ತಾಗಿದರೆ ಸತ್ತಿತು. ಎರಡನೆಯದರಲ್ಲಿ ಅಂಚಿನ ಗೋಡೆಯನ್ನು ತೆಗೆದರು. ಎಡಕ್ಕೆ ಹೊಕ್ಕದ್ದು ಬಲದಿಂದ ಹೊರಬಂತು. ಗೋಡೆ ಬೇಕೆನ್ನುವವರಿಗೆ ಬೇರೆ ಬೇರೆ ಚಕ್ರವ್ಯೂಹಗಳನ್ನು ಕೊಟ್ಟರು, ನಡುನಡುವೆ ಗಬಕ್ಕನೆ ಹಿಡಿಯಬೇಕಾದ ಹುಳ ಇಟ್ಟರು. ಆದರೆ ಗೆಲುವಿನ ಗುಟ್ಟು ತೆಗೆದ ಆ ಗೋಡೆಯಲ್ಲಿದೆ. ಅಂಚು ಹೋದ ಮೇಲೆ ಹಾವಿಗೆ ಉಳಿದ ವೈರಿ ತನ್ನದೇ ಮೈ. ಬೆಳೆದಷ್ಟೂ ತನಗೆ ತಾನೇ ಅಡ್ಡಿ. ಆ ಆಟದ ಜೀವ ಮೊದಲಿನಿಂದಲೂ ಅಲ್ಲಿಯೇ ಇತ್ತು, ಎರಡನೆಯದನ್ನು ಮಾಡಿದವರು ಅದನ್ನು ಗುರುತಿಸಿದರು.

ಪಾರ್ಲರಿನ ಕಾಲದ ಮಾತು ಹೇಳುತ್ತೇನೆ. ರೂಪಾಯಿ ಹಾಕಿ ಆಡುವ ಯಂತ್ರಗಳ ಮುಂದೆ ಹುಡುಗರು ಒಬ್ಬರ ಮೈಮೇಲೊಬ್ಬರು ಬಿದ್ದು ನೋಡುತ್ತಿದ್ದದ್ದು ಸ್ಟ್ರೀಟ್ ಫೈಟರ್ 2 ಆಟವನ್ನು. ಹಾಗಾದರೆ ಒಂದನೆಯದು ಎಲ್ಲಿ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಜಪಾನಿನ ಕ್ಯಾಪ್‌ಕಾಮ್ ಅದನ್ನು 1987ರಲ್ಲಿ ತಂದಿತ್ತು. ಆಡುವವನಿಗೆ ರ್ಯೂ, ಎದುರು ಇನ್ನೊಬ್ಬ ಬಂದು ನಿಂತರೆ ಅವನಿಗೆ ಕೆನ್, ಅಷ್ಟೇ ಆಯ್ಕೆ. ವಿಶೇಷ ಪಟ್ಟುಗಳಿದ್ದವು, ಹತ್ತು ಸಲ ಯತ್ನಿಸಿದರೆ ಒಮ್ಮೆ ಕೈಗೆ ಹತ್ತುವಂಥವು. 1991ರ ಎರಡನೆಯದು ಎಂಟು ಜಟ್ಟಿಗಳನ್ನು ಮುಂದೆ ನಿಲ್ಲಿಸಿತು. ಒಬ್ಬೊಬ್ಬರ ಮೈಕಟ್ಟು ಬೇರೆ, ವೇಗ ಬೇರೆ, ಪಟ್ಟು ಬೇರೆ. ಧಾಲ್ಸಿಮ್ ಎಂಬ ನಮ್ಮ ದೇಶದ ಯೋಗಿಯೂ ಅವರಲ್ಲೊಬ್ಬ. ಒಂದು ಹೊಡೆತ ಮುಗಿಯುವುದರೊಳಗೆ ಇನ್ನೊಂದನ್ನು ಹೊಂದಿಸುವ ಕಾಂಬೊ ಇದೆಯಲ್ಲ, ಅದನ್ನು ತಯಾರಕರು ಬೇಕೆಂದು ಇಟ್ಟದ್ದಲ್ಲ. ಆಟವನ್ನು ಪರೀಕ್ಷಿಸುವಾಗ ಕಣ್ಣಿಗೆ ಬಿದ್ದ ಸಂದು ಅದು. ದೋಷವೆಂದು ಮುಚ್ಚಬಹುದಿತ್ತು, ಇರಲಿ ಎಂದು ಬಿಟ್ಟರು. ಇವತ್ತಿನ ಹೊಡೆದಾಟದ ಆಟಗಳೆಲ್ಲ ಅದರ ಮೇಲೆಯೇ ನಿಂತಿವೆ.

ಸಿನಿಮಾದ ಎರಡನೇ ಭಾಗ ಸಾಮಾನ್ಯವಾಗಿ ಸೊರಗುತ್ತದೆ, ಆಟದ ಎರಡನೇ ಭಾಗ ಏಕೆ ಇಷ್ಟು ಸಲ ಮೇಲಾಗುತ್ತದೆ ಎಂದು ನಿಮ್ಮಲ್ಲೊಬ್ಬ ಕೇಳಿದ್ದ. ಸಿನಿಮಾ ಕಥೆಯ ಮೇಲೆ ನಿಂತದ್ದು, ಕಥೆ ಒಮ್ಮೆ ಮುಗಿದರೆ ಮುಗಿಯಿತು. 2004ರ 'ಆಪ್ತಮಿತ್ರ'ದಲ್ಲಿ ಶಾಂತಳಾದ ನಾಗವಲ್ಲಿಯನ್ನು 2010ರ 'ಆಪ್ತರಕ್ಷಕ'ಕ್ಕಾಗಿ ಮತ್ತೆ ಎಬ್ಬಿಸಬೇಕಾಯಿತು. ಆಟ ನಿಯಮದ ಮೇಲೆ ನಿಂತದ್ದು. ನಿಯಮ ಮುಗಿಯುವುದಿಲ್ಲ, ಸವೆಯುತ್ತದೆ, ತಿದ್ದಿಸಿಕೊಳ್ಳುತ್ತದೆ, ಲಕ್ಷಾಂತರ ಜನ ಆಡಿದ ಮೇಲೆ ಎಲ್ಲಿ ಚುಚ್ಚುತ್ತದೆ ಎಂದು ಗೊತ್ತಾಗುತ್ತದೆ. ಇದಕ್ಕೆ ನಮ್ಮ ಹೊಲದಲ್ಲೇ ಸಾಕ್ಷಿ ಇದೆ. ಕಬ್ಬು ಕಡಿದ ಮೇಲೆ ಅದೇ ಬೊಡ್ಡೆಯಿಂದ ಖೋಡವಾ ಏಳುತ್ತದೆ. ಹೊಸ ಬೀಜ ಬೇಡ, ಉಳುಮೆ ಬೇಡ, ಖರ್ಚು ಕಡಿಮೆ, ಬೇರು ಆಗಲೇ ಇಳಿದಿದೆ. ಆದರೆ ಬೊಡ್ಡೆಯನ್ನು ನೆಲಮಟ್ಟಕ್ಕೆ ಸವರಿ, ಸತ್ತ ಜಾಗಕ್ಕೆ ಹೊಸ ಸಸಿ ತುಂಬಿದವನಿಗೆ ಮಾತ್ರ ಅದು ಫಲ ಕೊಡುತ್ತದೆ. ಏನೂ ಮಾಡದೆ ನೀರು ಬಿಟ್ಟು ಕೂತವನ ಹೊಲದಲ್ಲಿ ಮೂರನೇ ಖೋಡವಾ ಹೊತ್ತಿಗೆ ಬರೀ ರವದಿ. ಆಟದ ಕಂಪನಿಗಳಿಗೂ ಎರಡನೇ ಭಾಗದ ಮೋಹ ಹುಟ್ಟುವುದು ಇದೇ ಲೆಕ್ಕದಿಂದ. ಎಂಜಿನ್ ಸಿದ್ಧ, ಹೆಸರು ಸಿದ್ಧ, ಗಿರಾಕಿ ಸಿದ್ಧ.

ಕೆಫೆಯಲ್ಲಿ ಏಜ್ ಆಫ್ ಎಂಪೈರ್ಸ್ ಆಡುತ್ತಿದ್ದವರನ್ನು ನೋಡುತ್ತ ನಾನು ಈ ಸವರುವ ಕೆಲಸ ಎಂಥದು ಎಂದು ಕಲಿತೆ. ಎನ್ಸೆಂಬಲ್ ಸ್ಟುಡಿಯೋಸ್‌ನವರು 1997ರಲ್ಲಿ ತಂದ ಮೊದಲನೆಯದರಲ್ಲಿ ಊರ ಸುತ್ತ ಕೋಟೆ ಕಟ್ಟಬಹುದಿತ್ತು, ಬಾಗಿಲು ಇಡಲು ಬರುತ್ತಿರಲಿಲ್ಲ. ಕೆಲಸವಿಲ್ಲದೆ ನಿಂತ ಆಳು ಎಲ್ಲಿದ್ದಾನೆ ಎಂದು ನಕ್ಷೆಯೆಲ್ಲ ಜಾಲಾಡಬೇಕಿತ್ತು. 1999ರ ಎರಡನೆಯದು ಕೋಟೆಗೆ ಬಾಗಿಲು ಕೊಟ್ಟಿತು, ಖಾಲಿ ನಿಂತ ಆಳನ್ನು ಹುಡುಕಲು ಒಂದು ಗುಂಡಿ ಕೊಟ್ಟಿತು, ದಾಳಿ ಬಂದಾಗ ಗಂಟೆ ಬಾರಿಸಿದರೆ ಜನರೆಲ್ಲ ಕಟ್ಟಡದೊಳಗೆ ಓಡಿ ಸೇರುವಂತೆ ಮಾಡಿತು, ಸೈನ್ಯಕ್ಕೆ ಸಾಲುಗಟ್ಟಿ ನಡೆಯಲು ಕಲಿಸಿತು. ಇವು ಜಾಹೀರಾತಿನಲ್ಲಿ ಮಿಂಚುವ ಸಂಗತಿಗಳಲ್ಲ. ಆಡುವವನ ಕಿರಿಕಿರಿಯನ್ನು ತೆಗೆದು ಯೋಚನೆಯನ್ನು ಉಳಿಸಿದ ಕೆಲಸ. 2005ರಲ್ಲಿ ಮೂರನೆಯದು ಬಂತು, 2021ರಲ್ಲಿ ನಾಲ್ಕನೆಯದು. ಆದರೂ ಜನ ಎರಡನೆಯದಕ್ಕೇ ಮರಳುತ್ತಾರೆ. ಅದನ್ನೇ 2013ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಸದಾಗಿ ಹೊರತಂದರು. 2022ರಲ್ಲಿ ಭಾರತದ ರಾಜವಂಶಗಳ ಹೆಸರಿನಲ್ಲಿ ಅದಕ್ಕೆ ಇನ್ನೊಂದು ಕಂತು ಸೇರಿತು, ದ್ರಾವಿಡರೂ ಗುರ್ಜರರೂ ಬಂಗಾಳದವರೂ ಅದರೊಳಗೆ ಬಂದರು. ದೊಡ್ಡ ಸಂಖ್ಯೆಯ ಭಾಗವೇ ಶ್ರೇಷ್ಠ ಎನ್ನುವವರಿಗೆ ನಾನು ಇದೊಂದನ್ನೇ ತೋರಿಸುತ್ತೇನೆ.

ಸೇರಿಸುವುದರಿಂದಲೇ ಆಟ ಬೆಳೆಯುವುದಾಗಿದ್ದರೆ ಜಗತ್ತಿನ ಅತ್ಯಂತ ಜನಪ್ರಿಯ ಇಸ್ಪೀಟಾಟ ನಮ್ಮ ಮೈಸೂರಿನದೇ ಆಗಿರಬೇಕಿತ್ತು. ಈ ಕಥೆಯನ್ನು ಗಮನವಿಟ್ಟು ಕೇಳಿ, ಕನ್ನಡನಾಡಿನಲ್ಲಿ ಆಟದ ಎರಡನೇ ಭಾಗದ ಬಗ್ಗೆ ಇದಕ್ಕಿಂತ ಶ್ರೀಮಂತ ನಿದರ್ಶನ ನನಗೆ ಗೊತ್ತಿಲ್ಲ. ಗಂಜೀಫಾ ಎಂಬುದು ದುಂಡನೆಯ ಎಲೆಗಳ ಆಟ. ಮೊಗಲರ ಕಾಲದ ರೂಢಿಯ ಕಟ್ಟಿನಲ್ಲಿ 96 ಎಲೆ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ 120 ಎಲೆ. ಈ ದಶಾವತಾರದ ಎಲೆಗಳನ್ನು ನಮ್ಮ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇಂದಿಗೂ ಕೈಯಿಂದ ಬರೆಯುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಕಲೆ, ಗ್ರಂಥ, ಆಟಗಳಿಗೆ ತಮ್ಮನ್ನು ಕೊಟ್ಟುಕೊಂಡವರು. ಅವರು ಗಂಜೀಫಾವನ್ನು ಹಿಗ್ಗಿಸುತ್ತಲೇ ಹೋದರು. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ಬಣ್ಣಗಳು ಕೆಲವು ಆಟಗಳಲ್ಲಿ ಹದಿನೆಂಟರವರೆಗೆ ಹೋದವು, ಎಲೆಗಳು 360ರವರೆಗೆ. ಛದ ಎಂದು ಕರೆದ ಆ ಆಟಗಳ ನಿಯಮಗಳೆಲ್ಲ ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ದಾಖಲಾಗಿವೆ. ಚಿತ್ರ ಎಷ್ಟು ನಯ, ದೇವತೆಗಳ ವಿಂಗಡಣೆಯಲ್ಲಿ ಎಷ್ಟು ಪಾಂಡಿತ್ಯ! ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಆ ಆಟಗಳು ಅರಮನೆಯ ಹೊಸಿಲು ದಾಟಿ ಜನರ ಕೈಗೆ ಬರಲಿಲ್ಲ. 120 ಎಲೆಯ ದಶಾವತಾರ ಹಳ್ಳಿಯ ಗುಡಿಗಳಲ್ಲಿ ಆಡಿಸಿಕೊಂಡಿತು, 360 ಎಲೆಯದು ನಮಗೆ ಇಂದು ಕಲೆಯಾಗಿ ಮಾತ್ರ ಉಳಿದಿದೆ. ಹೆಚ್ಚಿನ ಎಲೆ ಬಂದಾಗ ಹೋದದ್ದು ಏನು? ಯಾವ ಎಲೆ ಇಳಿಯಿತು, ಯಾವುದು ಇನ್ನೂ ಯಾರ ಕೈಯಲ್ಲಿದೆ ಎಂದು ಮನುಷ್ಯ ನೆನಪಿಟ್ಟುಕೊಳ್ಳಬಹುದಾದ ಅಳತೆ ಹೋಯಿತು. ಗಂಜೀಫಾದ ಜೀವ ಆ ನೆನಪಿನಲ್ಲಿತ್ತು.

ಟೆಟ್ರಿಸ್‌ಗೂ ಹೀಗೇ ಆಯಿತು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ಅಂಗಡಿಗಳಲ್ಲಿ ಇಟ್ಟಿಗೆ ಆಟದ ಪುಟ್ಟ ಯಂತ್ರ ಕೊಂಡವರೆಲ್ಲ ಅದನ್ನು ಬಲ್ಲರು. 1984ರಲ್ಲಿ ಮಾಸ್ಕೋದಲ್ಲಿ ಅದನ್ನು ಕಟ್ಟಿದ ಅಲೆಕ್ಸಿ ಪಾಜಿಟ್ನೊವ್ ತಾನೇ 1989ರಲ್ಲಿ ವೆಲ್‌ಟ್ರಿಸ್ ಎಂಬ ಮುಂದಿನದನ್ನು ಮಾಡಿದರು. ತುಂಡುಗಳು ಬಾವಿಯ ನಾಲ್ಕೂ ಗೋಡೆಗಳಿಂದ ಜಾರಿ ಇಳಿಯುತ್ತವೆ. ಬುದ್ಧಿವಂತಿಕೆಯ ಆಟವೇ, ಆದರೆ ಇಂದು ಯಾರಿಗೂ ಬೇಡ. ಒಂದು ನೋಟಕ್ಕೆ ಎಲ್ಲ ತಿಳಿಯುವ ಸರಳತೆ ಅಲ್ಲಿ ಹೋಗಿತ್ತು.

ಇನ್ನು ನೀವೆಲ್ಲ ಮೊಬೈಲಿನಲ್ಲಿ ಆಡುವ ಲೂಡೊ. ಅದು ನಮ್ಮ ಪಚ್ಚೀಸಿಯ ಇಂಗ್ಲೆಂಡಿನ ಎರಡನೇ ಭಾಗ, 1896ರಲ್ಲಿ ಅಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕವಡೆ ಹೋಗಿ ದಾಳ ಬಂತು, ಅದಕ್ಕೆ ನನ್ನ ತಕರಾರಿಲ್ಲ. ನಾಲ್ವರೂ ತಂತಮ್ಮ ಪಾಡಿಗೆ ಆಡುವಂತೆ ಮಾಡಿದ್ದು ದೊಡ್ಡ ನಷ್ಟ. ಪಚ್ಚೀಸಿಯಲ್ಲಿ ಎದುರುಬದುರು ಕೂತವರು ಜೊತೆಗಾರರು, ಇಬ್ಬರ ಕಾಯಿಯೂ ಹಣ್ಣಾದರೆ ಮಾತ್ರ ಗೆಲುವು. ನಿನ್ನ ಕಾಯಿ ಹಣ್ಣಾಗುವ ಹೊತ್ತಿಗೆ ಜೊತೆಗಾರ ಹಿಂದೆ ಬಿದ್ದಿದ್ದರೆ, ಹಣ್ಣು ಮಾಡದೆ ಇನ್ನೊಂದು ಸುತ್ತು ಹಾಕಿ ಅವನ ದಾರಿಗೆ ಅಡ್ಡ ನಿಂತವರನ್ನು ಹೊಡೆಯಬಹುದು. ಗೆಲುವನ್ನು ಕೈಯಲ್ಲಿ ಹಿಡಿದುಕೊಂಡು ಜೊತೆಯವನಿಗಾಗಿ ಕಾಯುವ ಆ ಒಂದು ನಿಯಮಕ್ಕಾಗಿ ನಾನು ಪಚ್ಚೀಸಿಯನ್ನು ಲೂಡೊಗಿಂತ ಮೇಲೆ ಇಡುತ್ತೇನೆ. ನವಿ ಮುಂಬಯಿಯ ಗೇಮ್‌ಷನ್ ಕಂಪನಿ 2016ರಲ್ಲಿ ಲೂಡೊ ಕಿಂಗ್ ತಂದಿತು. 2020ರ ಲಾಕ್‌ಡೌನಿನಲ್ಲಿ ಪುಣೆಯ ಮಗ, ಬೆಂಗಳೂರಿನ ಮಗಳು, ಊರಿನ ಅಜ್ಜಿ ಒಂದೇ ಹಲಗೆಗೆ ಬಂದು ಕೂತಿದ್ದು ಅದರಿಂದ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಅದರ ಹಿಂದೆಯೇ ಹಣ ಕಟ್ಟಿ ಆಡುವ ಲೂಡೊಗಳು ಹುಟ್ಟಿಕೊಂಡವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ಕಾಯ್ದೆ ಮಾಡಿ ನಿಷೇಧಿಸಿತು. ಆ ದಾರಿಯ ಕಡೆ ಯಾರೂ ಹೋಗಬೇಡಿ, ಯಾರು ಕರೆದರೂ.

ಎಲ್ಲ ಎರಡನೇ ಭಾಗಗಳೂ ಮೊದಲನೆಯದನ್ನು ತಿದ್ದಿದಂಥವೇ ಅಲ್ಲ. ಮಾರಿಯೊನ ಎರಡನೇ ಭಾಗ ಎರಡು ಇವೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಗೆದ್ದ ಮೇಲೆ ನಿಂಟೆಂಡೊ 1986ರಲ್ಲಿ ಜಪಾನಿಗೆ ಕೊಟ್ಟದ್ದು ಅದೇ ಆಟವನ್ನು ಹಲ್ಲು ಕಚ್ಚಿ ಆಡುವಷ್ಟು ಕಠಿಣ ಮಾಡಿ. ಅಮೆರಿಕಕ್ಕೆ ಇದು ಆಗದು ಎಂದು, 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೆಯೇ ಆಟಕ್ಕೆ ಮಾರಿಯೊನ ವೇಷ ಹಾಕಿ 1988ರಲ್ಲಿ ಅಲ್ಲಿಗೆ ಕಳಿಸಿದರು. ಶುದ್ಧ ವಾರಸುದಾರ ಯಾವುದು ಎಂದು ಕೇಳಿದರೆ ಜಪಾನಿನದು. ಆದರೆ ಹೊರಗಿನಿಂದ ಬಂದ ಆ ಇನ್ನೊಂದರ ಪಾತ್ರಗಳು, ಗಾಳಿಯಲ್ಲಿ ತೇಲುವ ರಾಜಕುಮಾರಿ, ಮುಖವಾಡದ ಶೈ ಗೈ, ಮಾರಿಯೊನ ಲೋಕದಲ್ಲಿ ಶಾಶ್ವತವಾಗಿ ಉಳಿದವು. ಮನೆಗೆ ಬಂದ ಸೊಸೆಯಂದಿರಿಂದಲೂ ವಂಶ ಬೆಳೆಯುತ್ತದೆ.

ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ ನನಗೆ ನೋವಿದೆ, ಹೇಳಿಬಿಡುತ್ತೇನೆ. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿ ಬರೆದ ಆಟ ಅದು, 1989ರದು. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನಮ್ಮ ಕಡೆ ಮೊದಲ ಕಂಪ್ಯೂಟರುಗಳು ಬಂದಾಗ ಅವುಗಳಲ್ಲಿ ಬೇರೇನೂ ಇಲ್ಲದಿದ್ದರೂ ಈ ರಾಜಕುಮಾರ ಇರುತ್ತಿದ್ದ. 2003ರ 'ಸ್ಯಾಂಡ್ಸ್ ಆಫ್ ಟೈಮ್'ನಲ್ಲಿ ಯೂಬಿಸಾಫ್ಟ್ ಅವನಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಕೊಟ್ಟಿತು. ತಪ್ಪು ಹೆಜ್ಜೆ ಇಟ್ಟು ಬಿದ್ದವನು ಮತ್ತೆ ಅಂಚಿಗೆ ಮರಳಬಹುದು. ಆಟ ಮೃದುವಾಗಿತ್ತು, ಹಗಲುಗನಸಿನಂತಿತ್ತು. ಮುಂದಿನ ವರ್ಷವೇ ಬಂದ 'ವಾರಿಯರ್ ವಿದಿನ್'ನಲ್ಲಿ ಕತ್ತಿವರಸೆ ಹೆಚ್ಚಿತು, ರಕ್ತ ಹೆಚ್ಚಿತು, ಕಿರುಚುವ ಸಂಗೀತ ಸೇರಿತು. ರಾಜಕುಮಾರ ಯಾರೋ ಸಿಡುಕಿನ ಮನುಷ್ಯನಾದ. ಮೆಕ್ನರ್ ಆ ಭಾಗದಲ್ಲಿ ಕೆಲಸ ಮಾಡಿರಲಿಲ್ಲ, ಅದರ ಹಿಂಸೆ ತನಗೆ ಹಿಡಿಸಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಯಂತ್ರವಾಗಿ ನೋಡಿದರೆ ಎರಡನೆಯದರ ಕಾದಾಟ ಮೊದಲಿನದಕ್ಕಿಂತ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಆದರೆ ಆ ಹುಡುಗನ ಸ್ವಭಾವವನ್ನೇ ತೆಗೆದ ಮೇಲೆ ಯಾರಿಗಾಗಿ ಆಡುವುದು?

ಈಗ ನಿಮ್ಮ ಪ್ರಶ್ನೆ, ವೈಸ್ ಸಿಟಿ ಮೇಲೋ ಸ್ಯಾನ್ ಆಂಡ್ರಿಯಾಸ್ ಮೇಲೋ. ಅವೆರಡೂ ಸೇರಿದ ಜಿಟಿಎ ಸರಣಿ ಹದಿನೆಂಟು ದಾಟಿದವರ ಆಟ, ಅದನ್ನು ಮೊದಲು ಹೇಳಿ ಮುಂದುವರಿಯುತ್ತೇನೆ. ಸಣ್ಣವರು ಇದನ್ನು ಓದುತ್ತಿದ್ದರೆ ನಿಮ್ಮ ಸರದಿ ಬರುವವರೆಗೆ ಕಾಯಿರಿ. 2001ರ ಜಿಟಿಎ 3ಕ್ಕೆ ಸಣ್ಣದೊಂದು ಸೇರ್ಪಡೆಯಾಗಲಿ ಎಂದು ಆರಂಭವಾದದ್ದು ಬೆಳೆದು 2002ರಲ್ಲಿ ವೈಸ್ ಸಿಟಿಯಾಯಿತು. 2004ರ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಒಂದು ಊರಿನ ಜಾಗದಲ್ಲಿ ಮೂರು ಊರು, ನಡುವೆ ಬೆಟ್ಟ, ಮರುಭೂಮಿ. ವೈಸ್ ಸಿಟಿಯಲ್ಲಿ ನೀರಿಗೆ ಬಿದ್ದರೆ ಸಾವು, ಸ್ಯಾನ್ ಆಂಡ್ರಿಯಾಸ್‌ನಲ್ಲಿ ಈಜು ಬಂತು. ಊಟ ಮಾಡಬೇಕು, ವ್ಯಾಯಾಮ ಮಾಡಬೇಕು, ಮೈ ಬೆಳೆಯುತ್ತದೆ. ಕೌಶಲಕ್ಕೆ ಸ್ಯಾನ್ ಆಂಡ್ರಿಯಾಸ್ ದೊಡ್ಡದು, ಸಂಶಯವಿಲ್ಲ. ನನ್ನ ಮತ ಮಾತ್ರ ವೈಸ್ ಸಿಟಿಗೆ. ಕೆಫೆಗೆ ಬರುತ್ತಿದ್ದ ಹುಡುಗರು ನಕ್ಷೆ ನೋಡದೆ ಆ ಊರಿನ ಯಾವ ಮೂಲೆಗಾದರೂ ಗಾಡಿ ಓಡಿಸುತ್ತಿದ್ದರು. ಅವರಲ್ಲಿ ಅಕ್ಕಲಕೋಟೆಯಾಚೆ ಹೋಗದವರಿದ್ದರು, ಆದರೂ ಸಮುದ್ರದಂಡೆಯ ಆ ಊರು ಅವರಿಗೆ ಸ್ವಂತ ಓಣಿಯಷ್ಟು ಪರಿಚಯ. ಊರು ಮನಸ್ಸಿನಲ್ಲಿ ಹಿಡಿಯುವಷ್ಟೇ ದೊಡ್ಡದಿತ್ತು. ಅಳತೆ ಬೆಳೆದಾಗ ಆ ಸಲುಗೆ ಹೋಯಿತು.

ಇವೇ ಆಟಗಳನ್ನು 2021ರ ನವೆಂಬರ್‌ನಲ್ಲಿ ಹೊಸ ಬಣ್ಣ ಹಚ್ಚಿ ಮತ್ತೆ ತಂದಾಗ ಏನಾಯಿತು ಎಂಬುದನ್ನು, ಆಟ ಕಟ್ಟುವ ಆಸೆ ಇರುವವರು ಬರೆದಿಟ್ಟುಕೊಳ್ಳಿ. ಹಳೆಯ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ ನೋಟವೆಲ್ಲ ಮಂಜಿನಲ್ಲಿ ಮುಚ್ಚಿರುತ್ತಿತ್ತು. ಅಂದಿನ ಯಂತ್ರಗಳಿಗೆ ಅಷ್ಟು ದೂರ ಚಿತ್ರಿಸುವ ತ್ರಾಣವಿರಲಿಲ್ಲ, ಆ ಕೊರತೆಯನ್ನು ಮರೆಸಲು ಮಂಜು. ಹೊಸ ಯಂತ್ರಗಳಿಗೆ ಆ ಕೊರತೆ ಇಲ್ಲವಲ್ಲ ಎಂದು ಮಂಜನ್ನು ತೆಗೆದರು. ತೆಗೆದದ್ದೇ ತಡ, ಬೆಟ್ಟದ ಮೇಲೆ ನಿಂತರೆ ಮೂರೂ ಊರು ಒಂದೇ ನೋಟಕ್ಕೆ ಸಿಕ್ಕವು, ಇಡೀ ರಾಜ್ಯ ಅಂಗಳದಷ್ಟಾಯಿತು. ಊರಿಂದೂರಿಗೆ ಹೋಗುವಾಗಿನ ದೂರದ ಭಾವವನ್ನು ಕಟ್ಟಿದ್ದು ಆ ಮಂಜೇ ಎಂದು ಆಮೇಲೆ ತಿಳಿಯಿತು. 2024ರಲ್ಲಿ ಒಂದು ಅಪ್‌ಡೇಟ್ ಮೂಲಕ ಹಳೆಯ ಬೆಳಕನ್ನೂ ಮಂಜನ್ನೂ ಹಿಂದಕ್ಕೆ ತರಬೇಕಾಯಿತು. ಹೊಸದು ಬರುವ ಮೊದಲೇ ಹಳೆಯ ಮೂರೂ ಆಟಗಳನ್ನು ಅಂಗಡಿಯಿಂದ ತೆಗೆದುಹಾಕಿದ್ದರು. ಜನ ಸಿಟ್ಟಾದರು, ರಾಕ್‌ಸ್ಟಾರ್ ಕ್ಷಮೆ ಕೇಳಿ ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ಮತ್ತೆ ಕೊಡುವುದಾಗಿ ಹೇಳಿತು.

ಎರಡನೆಯದು ಮೊದಲನೆಯದನ್ನು ಹೀಗೆ ನುಂಗುವುದು ನಿಮ್ಮ ಕಾಲದ ದೊಡ್ಡ ಅಪಾಯ. ನನ್ನ ಕಾಲದ ಕ್ಯಾಸೆಟ್ಟು, ಸಿಡಿ ಕೈಯಲ್ಲಿರುತ್ತಿದ್ದವು. ನಿಮ್ಮ ಆಟ ಬೇರೆ ಯಾರದೋ ಸರ್ವರಿನಲ್ಲಿದೆ. 2018ರಲ್ಲಿ ಮೊಬೈಲಿಗೆ ಬಂದ ಪಬ್‌ಜಿಯನ್ನು 2020ರ ಸೆಪ್ಟೆಂಬರ್ 2ರಂದು ಸರ್ಕಾರ ಇತರ ಆ್ಯಪ್‌ಗಳ ಜೊತೆ ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಆಗಿ ಅದು ಮರಳಿತು, ಹಳೆಯ ಖಾತೆಯ ಸಾಮಾನು ಸಾಗಿಸಿಕೊಳ್ಳಲು ಅವಕಾಶ ಕೊಟ್ಟರು. 2022ರ ಜುಲೈನಲ್ಲಿ ಮತ್ತೆ ಬಂದ್, 2023ರ ಮೇ ತಿಂಗಳಲ್ಲಿ ಮತ್ತೆ ಚಾಲೂ. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ಹೋಯಿತು, ಅದರ ಅಣ್ಣನಂತಿದ್ದ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಹಳೆಯ ಪಬ್‌ಜಿಗೂ ಬಿಜಿಎಂಐಗೂ ಆಟದ ಒಳಗೆ ವ್ಯತ್ಯಾಸ ಸ್ವಲ್ಪ. ರಕ್ತ ಹಸಿರಾಯಿತು, ಕೊಲ್ಲುವ ಮಾತಿನ ಬದಲು ಮುಗಿಸುವ ಮಾತು ಬಂತು, ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆ, 7,000 ರೂಪಾಯಿ ಎಂಬ ಮಿತಿ ಬಂತು. ಹಾಗಾದರೆ ಹಳೆಯದೇ ಚಲೋ ಇತ್ತು ಎಂದು ನಿಮಗೆ ಅಷ್ಟು ಬಲವಾಗಿ ಅನ್ನಿಸುವುದು ಏಕೆ? 2020ರಲ್ಲಿ ಶಾಲೆ ಮುಚ್ಚಿತ್ತು. ನಾಲ್ವರು ಗೆಳೆಯರೂ ಊರಲ್ಲೇ ಇದ್ದರು, ಸಿಗ್ನಲ್ ಸಿಗುವ ಒಂದೇ ಮಾಳಿಗೆಯ ಮೇಲೆ ಕೂಡುತ್ತಿದ್ದಿರಿ. ಈಗ ಒಬ್ಬ ಪುಣೆಯ ಕಂಪನಿಯಲ್ಲಿ, ಒಬ್ಬ ಇಂಡಿ ಪಟ್ಟಣದ ಅಂಗಡಿಯಲ್ಲಿ, ಒಬ್ಬಳಿಗೆ ಮದುವೆಯಾಗಿದೆ. ಆಟದ ಮೇಲೆ ತೀರ್ಪು ಕೊಡುವಾಗ ಇದನ್ನು ಬೇರೆ ಮಾಡಿ ನೋಡಿ. ಗೆಳೆಯರ ನೆನಪು ದೊಡ್ಡದು, ಅದಕ್ಕೆ ಅದರದೇ ಗೌರವ ಕೊಡಿ. ಎರಡನೇ ಭಾಗದ ಮೇಲೆ ಅದರ ಸಿಟ್ಟು ತೀರಿಸಬೇಡಿ.

ಆ ಮಿತಿಯ 7,000 ರೂಪಾಯಿ ನನ್ನನ್ನು ಕಾಡುತ್ತದೆ. ಅಷ್ಟರೊಳಗೆ ಇದ್ದೇವಲ್ಲ ಎಂದು ಯಾರೂ ಸಮಾಧಾನ ಮಾಡಿಕೊಳ್ಳಬೇಡಿ, ನಮ್ಮ ಊರಿನ ಮನೆಗಳಿಗೆ ಅದು ಎಷ್ಟು ದೊಡ್ಡ ಮೊತ್ತ ಎಂದು ನಿಮಗೇ ಗೊತ್ತು. ಈಗಿನ ಕಂಪನಿಗಳು ಎರಡನೇ ಭಾಗವನ್ನು ಮಾಡುವುದನ್ನೇ ಬಿಡುತ್ತಿವೆ. ಅದೇ ಆಟಕ್ಕೆ ಎರಡು ತಿಂಗಳಿಗೊಮ್ಮೆ ಹೊಸ ಸೀಸನ್, ಹೊಸ ಪಾಸ್, ಬಂದೂಕಿಗೆ ಹೊಸ ಅಂಗಿ. ಯುಸಿ, ಡೈಮಂಡ್ ಎಂಬ ಆಟದೊಳಗಿನ ನಾಣ್ಯಗಳಿಗೆ ಅಪ್ಪನ ಫೋನ್‌ಪೇಯಿಂದ ಹಣ ಹೊರಡುವ ಮುನ್ನ ಒಂದೇ ಒಂದನ್ನು ಕೇಳಿಕೊಳ್ಳಿ: ಈ ಸೀಸನ್ನಿನಲ್ಲಿ ಆಡುವ ರೀತಿ ಏನಾದರೂ ಬದಲಾಗಿದೆಯೇ? ಬದಲಾಗಿಲ್ಲ ಎಂದಾದರೆ ನೀವು ಕೊಳ್ಳುತ್ತಿರುವುದು ಬಣ್ಣ.

ಆಟ ಕಟ್ಟುವ ಕಡೆ ಹೊರಟವರಿಗೆ ಎರಡು ಮಾತು. ದಾರಿ ದೂರವಿಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೊಡ್ಡ ದೊಡ್ಡ ವಿದೇಶಿ ಆಟಗಳಿಗೆ ಚಿತ್ರ ಮಾಡಿಕೊಡುತ್ತ ಬೆಳೆಯಿತು. 2019ರಲ್ಲಿ ಅದನ್ನು ಜಿಟಿಎ ಮಾಡುವ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ ಜನರಿಂದ ಹಣ ಕೂಡಿಸಲು ಹೋಗಿ 2017ರಲ್ಲಿ ಸೋತರೂ ಬಿಡದೆ, ತಮ್ಮನನ್ನು ಹುಡುಕಿ ಹೊರಟ ರಾಜಿ ಎಂಬ ಹುಡುಗಿಯ ಆಟವನ್ನು 2020ರಲ್ಲಿ ಲೋಕಕ್ಕೆ ಕೊಟ್ಟಿತು. ಅದೇ ಸೀಮೆಯಲ್ಲಿ ಇನ್ನೊಂದು ಪಾಠವೂ ಇದೆ. ಬೆಂಗಳೂರಿನ ಎನ್‌ಕೋರ್ 2021ರ ಗಣರಾಜ್ಯೋತ್ಸವದಂದು ತಂದ ಫೌ-ಜಿ, ಗಲ್ವಾನ್ ಕಣಿವೆಯಲ್ಲಿ ಬಂದೂಕಿಲ್ಲದೆ ಕಾದಾಡುವ ಒಬ್ಬ ಸೈನಿಕನ ಕಥೆಯಾಗಿ ಬಂತು. 2025ರ ಜನವರಿಯಲ್ಲಿ ಪುಣೆಯ ಡಾಟ್9 ಕಟ್ಟಿಕೊಟ್ಟ ಅದರ ಮುಂದಿನದು ತಂಡ–ತಂಡಗಳು ಗುಂಡು ಹಾರಿಸಿಕೊಳ್ಳುವ ಆಟ. ಆಡಲು ಎರಡನೆಯದೇ ಚುರುಕು. ಆದರೆ ಬಂದೂಕಿಲ್ಲದ ಕಾದಾಟ ಎಂಬ ಆ ಅಪರೂಪದ ಎಳೆ ಕೈಬಿಟ್ಟುಹೋಯಿತಲ್ಲ, ಅದನ್ನು ಹಿಡಿದು ಬೆಳೆಸಿದ್ದರೆ ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಆಟ ನಮ್ಮದಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ತಂಗೀ, ನೀನು ಹುಲಿ–ಕುರಿ ಆಟವನ್ನು ಮೊಬೈಲಿಗೆ ಇಳಿಸುತ್ತಿದ್ದೀ ಎಂದು ತಿಳಿದು ಎಷ್ಟು ಹಿಗ್ಗಾಯಿತೋ. ಕರ್ನಾಟಕದ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಇಂಥ ಆಟಗಳ ಗೆರೆ ಕೊರೆದದ್ದನ್ನು ಹೋದಲ್ಲೆಲ್ಲ ಕಾಣಬಹುದು. ಮೊದಲು ಹಲಗೆಯ ಮೇಲೆ ಇದ್ದದ್ದನ್ನು ಇದ್ದಹಾಗೆಯೇ ಮಾಡು. ಒಂದು ಕಡೆ ಕೆಲವೇ ಹುಲಿ, ಹಾರಿ ತಿನ್ನುತ್ತವೆ. ಇನ್ನೊಂದು ಕಡೆ ಬಹಳ ಕುರಿ, ಸುತ್ತುಗಟ್ಟಿ ಕೂಡಿಹಾಕುತ್ತವೆ. ಎರಡು ಕಡೆಯ ಬಲ ಒಂದೇ ಅಲ್ಲ, ಗೆಲ್ಲುವ ಬಗೆಯೂ ಒಂದೇ ಅಲ್ಲ. ಮುಂದೆ ಯಾರಾದರೂ ನಿನಗೆ, ಕುರಿಗೂ ಹಾರುವ ಶಕ್ತಿ ಕೊಡು, ಇಬ್ಬರಿಗೂ ಸಮಾನ ಬಲ ಕೊಡು, ಎರಡನೇ ಭಾಗ ಜೋರಾಗುತ್ತದೆ ಎಂದು ಸಲಹೆ ಕೊಡುತ್ತಾರೆ. ಒಪ್ಪಬೇಡ. ಹಲಗೆ ದೊಡ್ಡದು ಮಾಡಬೇಕೆನ್ನಿಸಿದರೆ ಮೊದಲು ಕಾಗದದ ಮೇಲೆ ಗೆರೆ ಎಳೆದು, ಹುಣಸೆಬೀಜ, ಕಲ್ಲು ಇಟ್ಟು ಇಬ್ಬರನ್ನು ಆಡಿಸಿ ನೋಡು. ಅವರು ಎಲ್ಲಿ ಬೇಸರಪಟ್ಟರು, ಎಲ್ಲಿ ಮುಂದಕ್ಕೆ ಬಾಗಿದರು ಎಂದು ಬರೆದುಕೋ. ಸೂಚನೆಗಳನ್ನು ಕನ್ನಡದಲ್ಲಿ ಬರೆ, ಬೇಕಾದರೆ ಜೊತೆಗೆ ಮರಾಠಿಯನ್ನೂ ಇಡು. ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಮರಾಠಿ ಆಡುವ ನಮ್ಮ ಗಡಿಯ ಮಕ್ಕಳಿಗೆ ಅವರವರ ಮಾತಿನಲ್ಲಿ ನಿಯಮ ಹೇಳುವ ಆಟ ಬೇಕಾಗಿದೆ. ದೀಪಾವಳಿ ಸೂಟಿಗೆ ಊರಿಗೆ ಬಂದಾಗ ಫೋನ್ ತಗೊಂಡು ಬಾ. ಈ ಆಟ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಅವರ ಎದುರು ಕೂರಿಸುತ್ತೇನೆ. ಮೊದಲನೆಯದನ್ನು ಅವರು ಹೌದು ಎಂದ ಮೇಲೆ ಎರಡನೆಯದರ ಮಾತು ತೆಗೆಯೋಣ.